ವ್ಯವಹಾರದ ಮಾತು: ಬಿಡಿಸಿ ಹೇಳುವುದೇ ಮರ್ಯಾದೆ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2021ರ ಮಾರ್ಚ್ ತಿಂಗಳಲ್ಲಿ ಧಾನ್ಯ ಖರೀದಿಸುವ ಕಂಪನಿಯೊಂದು ರೈತರೊಬ್ಬರ ಜೊತೆ ಫೋನಿನಲ್ಲಿ ಮಾತು ಮುಗಿಸಿ, 86 ಟನ್ ಅಗಸೆಗೆ ಕರಾರುಪತ್ರ ಬರೆಯಿತು. ಕಂಪನಿಯ ಪ್ರತಿನಿಧಿ ಅದಕ್ಕೆ ಸಹಿ ಹಾಕಿ, ಫೋಟೊ ತೆಗೆದು, ದಯವಿಟ್ಟು ಖಚಿತಪಡಿಸಿ ಎಂದು ರೈತರ ಮೊಬೈಲಿಗೆ ಕಳಿಸಿದರು. ಉತ್ತರವಾಗಿ ಬಂದದ್ದು ಹೆಬ್ಬೆರಳು ಎತ್ತಿದ ಒಂದು ಇಮೋಜಿ. ನವೆಂಬರ್ ಬಂದರೂ ಅಗಸೆ ಬರಲಿಲ್ಲ. ಅಷ್ಟರಲ್ಲಿ ಅದರ ಪೇಟೆ ದರ ಎರಡು ಪಟ್ಟು ದಾಟಿತ್ತು. ಪತ್ರ ಕೈಸೇರಿತು ಎಂದು ತಿಳಿಸಲು ಹೆಬ್ಬೆರಳು ಒತ್ತಿದೆನೇ ಹೊರತು ಒಪ್ಪಿದೆ ಎಂದಲ್ಲ ಎಂಬುದು ರೈತರ ವಾದ. ಹಿಂದಿನ ಕರಾರುಗಳಿಗೂ ಅವರು 'ಓಕೆ', 'ಯಪ್' ಎಂದಷ್ಟೇ ಉತ್ತರಿಸಿ ಮಾಲು ತಲುಪಿಸಿದ್ದರು. ಇದನ್ನು ಗಮನಿಸಿದ ನ್ಯಾಯಾಲಯ 2023ರಲ್ಲಿ ಆ ಇಮೋಜಿಯನ್ನು ಸಹಿ ಎಂದೇ ಪರಿಗಣಿಸಿ, ಸುಮಾರು 82 ಸಾವಿರ ಕೆನಡಾ ಡಾಲರ್ ಪರಿಹಾರ ಕೊಡುವಂತೆ ಹೇಳಿತು. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಭಾರತದಲ್ಲಿ ಇಂಥದ್ದೊಂದು ಪ್ರಶ್ನೆ ಇನ್ನೂ ಮೊದಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 2007ರ ಅಕ್ಟೋಬರ್‌ನಲ್ಲಿ ದುಬೈನ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಕಂಪನಿ ಬಾಕ್ಸೈಟ್ ಅದಿರು ಪೂರೈಸುವ ಪ್ರಸ್ತಾವವನ್ನು ಇಮೇಲ್‌ನಲ್ಲಿ ಕಳಿಸಿತು. ವೇದಾಂತ ಅಲ್ಯೂಮಿನಿಯಂ ಮರುದಿನವೇ ಇಮೇಲ್‌ನಲ್ಲೇ ಒಪ್ಪಿಕೊಂಡಿತು. ವಿಧಿವತ್ತಾದ ಕರಾರಿಗೆ ಸಹಿ ಬೀಳುವ ಮೊದಲೇ ವ್ಯವಹಾರ ಮುರಿದುಬಿತ್ತು. ಬೆಲೆ, ಪ್ರಮಾಣ, ಸಾಗಣೆ, ಪಾವತಿ ಎಲ್ಲವೂ ಇಮೇಲ್‌ಗಳಲ್ಲೇ ತೀರ್ಮಾನವಾಗಿದ್ದರಿಂದ ಕರಾರು ಆಗಿಯೇ ಹೋಗಿದೆ ಎಂದು 2010ರ ಜನವರಿಯಲ್ಲಿ ಕೋರ್ಟ್ ಹೇಳಿತು.

ಎರಡೂ ಪ್ರಕರಣಗಳಲ್ಲಿ ಯಾರೂ ಒರಟಾಗಿ ಮಾತಾಡಿರಲಿಲ್ಲ. ಕಳಿಸಿದವರು ಒಂದು ಅಂದುಕೊಂಡಿದ್ದರು, ಪಡೆದವರು ಇನ್ನೊಂದು ಅಂದುಕೊಂಡಿದ್ದೆವು ಎಂದರು. ವ್ಯವಹಾರದ ಮಾತು ಹೇಗಿರಬೇಕು ಎಂಬ ಚರ್ಚೆ ಬಂದಾಗ ಸಾಮಾನ್ಯವಾಗಿ ಎರಡು ಪಕ್ಷಗಳಾಗುತ್ತವೆ. ವಿನಯವಾಗಿರಬೇಕು, ನೋಯಿಸಬಾರದು ಎನ್ನುವವರು ಒಂದು ಕಡೆ; ನೇರವಾಗಿ, ಖಡಾಖಂಡಿತವಾಗಿ ಹೇಳಬೇಕು ಎನ್ನುವವರು ಇನ್ನೊಂದು ಕಡೆ. ಕಳೆದ ನಾಲ್ಕೈದು ದಶಕಗಳ ಅಪಘಾತ ತನಿಖೆ, ಸಂಶೋಧನೆ, ತೀರ್ಪು, ಸುತ್ತೋಲೆಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಎರಡು ಪಕ್ಷಗಳ ಜಗಳವೇ ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ ಎನಿಸುತ್ತದೆ. ಎದುರಿನವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದು ಅವರಿಗೆ ತೋರಿಸುವ ಮರ್ಯಾದೆಯ ಮುಖ್ಯ ಭಾಗ. ಸ್ಪಷ್ಟತೆಯನ್ನು ಬಿಟ್ಟುಕೊಟ್ಟ ವಿನಯದಿಂದ ಆಗಿರುವ ನಷ್ಟ, ಮರ್ಯಾದೆ ಬಿಟ್ಟ ನೇರ ಮಾತಿನಿಂದ ಆದ ನಷ್ಟಕ್ಕಿಂತ ಕಡಿಮೆಯೇನಲ್ಲ.

ಮೆದು ಮಾತಿನ ಅಪಾಯ

1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ಹೊರಟ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್ ಸಮೀಪ ಇಳಿಯಲು ಸರದಿ ಕಾಯುತ್ತಿತ್ತು. ಹವಾಮಾನ ಕೆಟ್ಟಿತ್ತು. ಒಟ್ಟು 77 ನಿಮಿಷ ಅದನ್ನು ಆಕಾಶದಲ್ಲೇ ಸುತ್ತು ಹಾಕಿಸಲಾಯಿತು. ಇಂಧನ ಮುಗಿಯುತ್ತಾ ಬಂದಿತ್ತು. ತುರ್ತುಸ್ಥಿತಿ ಎಂದು ತಿಳಿಸುವಂತೆ ಕ್ಯಾಪ್ಟನ್ ಹೇಳಿದರೂ ಸಹಪೈಲಟ್ ನಿಯಂತ್ರಣ ಕೊಠಡಿಗೆ ಆ ಶಬ್ದ ಬಳಸಲೇ ಇಲ್ಲ. ಆದ್ಯತೆ ಬೇಕು, ಇಂಧನ ಕಡಿಮೆಯಾಗುತ್ತಿದೆ ಎಂದಷ್ಟೇ ಹೇಳಿದರು. ಮೊದಲ ಸಲ ಇಳಿಯಲಾಗದೆ ವಿಮಾನ ಮತ್ತೆ ಮೇಲೇರಿತು. ಇನ್ನೊಂದು ಸುತ್ತು ಹಾಕಿಸುವಾಗ ನಿಯಂತ್ರಕರು, ನಿಮ್ಮ ಇಂಧನಕ್ಕೆ ಇದು ಸರಿಹೋಗುತ್ತದೆಯೇ ಎಂದು ಕೇಳಿದರು. ಸರಿಹೋಗಬಹುದು, ಧನ್ಯವಾದ ಎಂಬ ಧಾಟಿಯ ಉತ್ತರ ಹೋಯಿತು. ಕೆಲವೇ ನಿಮಿಷಗಳಲ್ಲಿ ಎಂಜಿನ್‌ಗಳು ನಿಂತವು. ವಿಮಾನದಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಸತ್ತರು. ಇಂಧನದ ತುರ್ತುಸ್ಥಿತಿಯನ್ನು ಸರಿಯಾಗಿ ತಿಳಿಸದಿದ್ದುದು ಅಪಘಾತದ ಕಾರಣಗಳಲ್ಲೊಂದು ಎಂದು ಅಮೆರಿಕದ ತನಿಖಾ ಮಂಡಳಿ ದಾಖಲಿಸಿತು. ಕಡಿಮೆ ಇಂಧನದ ಸ್ಥಿತಿಗೆ ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವ ಪದ ಇಲ್ಲದಿದ್ದುದನ್ನೂ ಅದು ಎತ್ತಿ ತೋರಿಸಿತು.

ಮೇಲಿನವರಿಗೆ ನೇರವಾಗಿ ಹೇಳಲು ಹಿಂಜರಿಯುವುದು ವಿಮಾನಯಾನಕ್ಕೆ ಹೊಸದಾಗಿರಲಿಲ್ಲ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ಬಳಿಕ ಕಾಕ್‌ಪಿಟ್ ಒಳಗಿನ ಮಾತುಕತೆಯ ತರಬೇತಿ ರೂಪುಗೊಂಡಿತು. ಯುನೈಟೆಡ್ ಏರ್‌ಲೈನ್ಸ್ 1981ರಲ್ಲೇ ಅದನ್ನು ಶುರುಮಾಡಿತು. ಕಿರಿಯರು ಹಿರಿಯರನ್ನು ಅವಮಾನಿಸದೆ, ಆದರೆ ಅಪಾಯವನ್ನು ಮರೆಮಾಚದೆ ಮಾತಾಡುವುದು ಹೇಗೆಂದು ಅದು ಕಲಿಸುತ್ತದೆ. ಮೊದಲು ಹೆಸರು ಹಿಡಿದು ಗಮನ ಸೆಳೆಯಬೇಕು, ಕಂಡದ್ದನ್ನು ಹೇಳಬೇಕು, ಏನು ಮಾಡಬಹುದೆಂದು ಸೂಚಿಸಬೇಕು, ಕೊನೆಗೆ ಒಪ್ಪಿಗೆ ಕೇಳಬೇಕು. ಈ ನಾಲ್ಕು ಹೆಜ್ಜೆಗಳಲ್ಲಿ ಮರ್ಯಾದೆಯೂ ಇದೆ, ಬಚ್ಚಿಟ್ಟದ್ದೂ ಏನಿಲ್ಲ.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇದೇ ಹಿಂಜರಿಕೆಯ ಸೌಮ್ಯ ರೂಪ ದಿನಾ ಕಾಣುತ್ತದೆ. ಸಂಜೆ ಹೊತ್ತಿನ ಕ್ಲೈಂಟ್ ಕಾಲ್‌ನಲ್ಲಿ ಅಮೆರಿಕದವರು ಶುಕ್ರವಾರದೊಳಗೆ ಮುಗಿಯುತ್ತದೆಯೇ ಎಂದು ಕೇಳುತ್ತಾರೆ. ತಂಡಕ್ಕೆ ಆಗುವುದಿಲ್ಲವೆಂದು ಗೊತ್ತು. ಆದರೂ 'ಪ್ರಯತ್ನ ಮಾಡ್ತೀವಿ' ಎಂಬ ಉತ್ತರ ಹೋಗುತ್ತದೆ. ಕೇಳಿಸಿಕೊಂಡವರ ಪಾಲಿಗೆ ಅದು 'ಹೌದು'. ಹೇಳಿದವರ ಪಾಲಿಗೆ ಅದು ನೋವಾಗದಂತೆ ಹೇಳಿದ 'ಇಲ್ಲ'. ಮಾತಿನ ಅರ್ಥದಲ್ಲಿ ಎಷ್ಟು ಭಾಗ ಶಬ್ದದಲ್ಲಿದೆ, ಎಷ್ಟು ಭಾಗ ಸಂದರ್ಭದಲ್ಲಿದೆ ಎಂಬುದು ನಾಡಿನಿಂದ ನಾಡಿಗೆ ಬದಲಾಗುತ್ತದೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದ್ದರು. ಲೇಖಕಿ ಎರಿನ್ ಮೇಯರ್ 2014ರಲ್ಲಿ ಅದನ್ನು ಇಂದಿನ ಕಂಪನಿಗಳಿಗೆ ಅನ್ವಯಿಸಿ ಬರೆದರು. ಅವರಿಬ್ಬರ ವಿವರಣೆಯಿಂದ ತಿಳಿಯಬೇಕಾದದ್ದು, ಇಂಥ ಉತ್ತರ ಕೊಟ್ಟವರು ಸುಳ್ಳು ಹೇಳಿದವರಲ್ಲ ಎಂಬುದು. ಹಾಗಿದ್ದರೂ ಬೇರೆ ನಾಡಿನವರ ಜೊತೆ ಕೆಲಸ ಮಾಡುವಾಗ ಸಂದರ್ಭವನ್ನು ನಂಬಿ ಕೂರುವಂತಿಲ್ಲ. 'ಶುಕ್ರವಾರಕ್ಕೆ ಮೊದಲೆರಡು ಭಾಗ ಕೊಡುತ್ತೇವೆ, ಮೂರನೆಯದಕ್ಕೆ ಬುಧವಾರದವರೆಗೆ ಬೇಕು' ಎಂದರೆ ಯಾರಿಗೂ ಅವಮಾನವಾಗುವುದಿಲ್ಲ, ಕ್ಲೈಂಟ್ ತಮ್ಮ ಮುಂದಿನ ಕೆಲಸವನ್ನು ಹೊಂದಿಸಿಕೊಳ್ಳುತ್ತಾರೆ.

ಹೇಳಿದ್ದನ್ನು ಮರಳಿ ಹೇಳಿಸುವುದು ಇನ್ನೊಂದು ಹಳೆಯ, ಗಟ್ಟಿಯಾದ ಉಪಾಯ. ವಿಮಾನ ಚಾಲಕರು ನಿಯಂತ್ರಣ ಕೊಠಡಿಯ ಸೂಚನೆಯನ್ನು ಮರಳಿ ಒಪ್ಪಿಸಲೇಬೇಕು. ಆಸ್ಪತ್ರೆಗಳಲ್ಲಿ ಫೋನಿನಲ್ಲಿ ಬಂದ ಔಷಧಿ ಸೂಚನೆಯನ್ನು ಬರೆದುಕೊಂಡು ಓದಿ ಹೇಳುವ ರೂಢಿಯಿದೆ. ಊರಿನ ದಿನಸಿ ಅಂಗಡಿಯಲ್ಲೂ ಇದನ್ನು ನೋಡಬಹುದು. ಫೋನಿನಲ್ಲಿ ಸಾಮಾನಿನ ಪಟ್ಟಿ ಬರೆದುಕೊಂಡವರು ಫೋನ್ ಇಡುವ ಮೊದಲು 'ತೊಗರಿಬೇಳೆ ಎರಡು ಕೆಜಿ, ಸೋನಾಮಸೂರಿ ಹತ್ತು ಕೆಜಿ, ಬೆಲ್ಲ ಒಂದು, ಅಷ್ಟೇ ಅಲ್ವಾ ಅಕ್ಕಾ?' ಎಂದು ಚೀಟಿ ನೋಡಿ ಓದುತ್ತಾರೆ. ಅರ್ಧ ನಿಮಿಷದ ಕೆಲಸ. ದೊಡ್ಡ ಕಂಪನಿಗಳ ಮೀಟಿಂಗ್‌ಗಳಲ್ಲಿ ಬಹಳಷ್ಟು ಸಲ ಇಷ್ಟೂ ಆಗುವುದಿಲ್ಲ. ಯಾರು, ಏನು, ಯಾವಾಗ ಎಂದು ಓದಿ ಹೇಳದೆ ಎಲ್ಲರೂ ಎದ್ದು ಹೋಗುತ್ತಾರೆ.

ಒರಟುತನದ ಲೆಕ್ಕ

ಸೌಜನ್ಯ ಒಳ್ಳೆಯ ಗುಣ, ಆದರೆ ಅದರಿಂದ ವ್ಯಾಪಾರಕ್ಕೇನು ಲಾಭ ಎಂದು ಕೇಳುವವರಿಗೆ ಸಂಶೋಧಕರಾದ ಕ್ರಿಸ್ಟೀನ್ ಪೊರಾತ್ ಮತ್ತು ಕ್ರಿಸ್ಟೀನ್ ಪಿಯರ್ಸನ್ ಅಂಕಿಗಳಲ್ಲೇ ಉತ್ತರ ಕೊಟ್ಟಿದ್ದಾರೆ. 17 ಉದ್ಯಮಗಳ 800 ಮಂದಿ ವ್ಯವಸ್ಥಾಪಕರು ಮತ್ತು ನೌಕರರನ್ನು ಅವರು ವಿಚಾರಿಸಿದ್ದರು. 2013ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ಒರಟು ನಡವಳಿಕೆಗೆ ಗುರಿಯಾದವರಲ್ಲಿ ಶೇ. 48 ಮಂದಿ ಬೇಕೆಂದೇ ಕೆಲಸದ ಶ್ರಮ ಕಡಿಮೆ ಮಾಡಿದರು. ಶೇ. 38 ಮಂದಿ ಕೆಲಸದ ಗುಣಮಟ್ಟವನ್ನೇ ಇಳಿಸಿದರು. ಶೇ. 25 ಮಂದಿ ಆ ಸಿಟ್ಟನ್ನು ಗ್ರಾಹಕರ ಮೇಲೆ ತೀರಿಸಿಕೊಂಡದ್ದಾಗಿ ಒಪ್ಪಿಕೊಂಡರು. ಶೇ. 12 ಮಂದಿ ಕೆಲಸವನ್ನೇ ಬಿಟ್ಟರು. ಕೌಂಟರಿನಲ್ಲಿ ಕೂತವರು ಗ್ರಾಹಕರ ಮೇಲೆ ಯಾಕೆ ರೇಗುತ್ತಾರೆ ಎಂಬುದಕ್ಕೆ ಉತ್ತರ ಒಮ್ಮೊಮ್ಮೆ ಒಳಗಿನ ಕ್ಯಾಬಿನ್‌ನಲ್ಲಿರುತ್ತದೆ.

ಇಸ್ರೇಲಿನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಕಳವಳ ಹುಟ್ಟಿಸುತ್ತದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳಿಗೆ ಒಂದೇ ಬಗೆಯ ಅಣಕು ಪ್ರಕರಣ ಕೊಡಲಾಯಿತು. ಕೆಲವು ತಂಡಗಳಿಗೆ ಮಾತ್ರ ವಿದೇಶಿ ತಜ್ಞರೊಬ್ಬರು ಅಲ್ಲಿನ ವೈದ್ಯಕೀಯ ಗುಣಮಟ್ಟದ ಬಗ್ಗೆ ಹಗುರವಾಗಿ ಮಾತಾಡಿದರು. ಆ ಮಾತು ಕೇಳಿಸಿಕೊಂಡ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆ ಕೊಡುವುದರಲ್ಲೂ ಹಿಂದೆ ಬಿದ್ದವು. ಅವುಗಳಲ್ಲಿ ಪರಸ್ಪರ ಮಾಹಿತಿ ಹಂಚಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಒಂದು ಚುಚ್ಚುಮಾತು ನುರಿತ ವೈದ್ಯರು ಮತ್ತು ನರ್ಸ್‌ಗಳ ಕೈಚಳಕವನ್ನೇ ಕುಗ್ಗಿಸಬಹುದಾದರೆ, ದಿನವಿಡೀ ಬೈಗುಳ ಕೇಳುವ ಕಾಲ್ ಸೆಂಟರ್ ಹುಡುಗ ಹುಡುಗಿಯರ ಗತಿಯನ್ನು ಊಹಿಸಬಹುದು.

ಕೆಟ್ಟ ಸುದ್ದಿ ಹೇಳುವ ಬಗೆ

ವ್ಯವಹಾರದ ಸೌಜನ್ಯ ನಿಜವಾಗಿ ಪರೀಕ್ಷೆಗೆ ಬೀಳುವುದು ಕೆಟ್ಟ ಸುದ್ದಿ ಹೇಳುವಾಗ. 2021ರ ಡಿಸೆಂಬರ್ 1ರಂದು ಅಮೆರಿಕದ ಗೃಹಸಾಲ ಕಂಪನಿ ಬೆಟರ್ ಡಾಟ್ ಕಾಮ್‌ನ ಮುಖ್ಯಸ್ಥರು ಝೂಮ್ ಕರೆಯಲ್ಲಿ ಸುಮಾರು 900 ನೌಕರರನ್ನು ಕೂರಿಸಿ, ಈ ಕರೆಯಲ್ಲಿರುವ ಎಲ್ಲರ ಕೆಲಸ ಹೋಗಿದೆ ಎಂದರು. ಕರೆ ಮೂರು ನಿಮಿಷವೂ ನಡೆಯಲಿಲ್ಲ. ಅದರ ವಿಡಿಯೊ ಜಗತ್ತಿಡೀ ಹರಡಿತು. ಹೇಳಿದ ರೀತಿ ತಪ್ಪಾಯಿತೆಂದು ಅವರು ಕ್ಷಮೆ ಕೇಳಿ, ಕೆಲಕಾಲ ಹುದ್ದೆಯಿಂದ ಹಿಂದೆ ಸರಿಯಬೇಕಾಯಿತು.

ಇದಕ್ಕೆ ಒಂದೂವರೆ ವರ್ಷ ಮೊದಲು, 2020ರ ಮೇ 5ರಂದು, ಏರ್‌ಬಿಎನ್‌ಬಿ ಕಂಪನಿ ತನ್ನ 7,500 ನೌಕರರಲ್ಲಿ ಸುಮಾರು 1,900 ಮಂದಿಯನ್ನು ಕೈಬಿಟ್ಟಿತು. ಅಂದರೆ ಇಲ್ಲಿ ಕೆಲಸ ಕಳೆದುಕೊಂಡವರು ಎರಡು ಪಟ್ಟಿಗೂ ಹೆಚ್ಚು. ಸಂಸ್ಥಾಪಕ ಬ್ರಯಾನ್ ಚೆಸ್ಕಿ ಬರೆದ ಪತ್ರ ಈಗಲೂ ಮಾದರಿಯಾಗಿ ಓದಲ್ಪಡುತ್ತದೆ. ಪ್ರವಾಸೋದ್ಯಮ ನೆಲಕಚ್ಚಿದ್ದರಿಂದ ಆದಾಯ ಎಷ್ಟು ಕುಸಿಯಲಿದೆ, ಯಾವ ಆಧಾರದ ಮೇಲೆ ಯಾರನ್ನು ಕೈಬಿಡಲಾಗುತ್ತಿದೆ ಎಂದು ಅದರಲ್ಲಿ ಸಾಲುಸಾಲಾಗಿ ವಿವರಿಸಿದ್ದರು. ಅಮೆರಿಕದ ನೌಕರರಿಗೆ 14 ವಾರಗಳ ಮೂಲ ವೇತನ, ಅದರ ಮೇಲೆ ಪ್ರತಿ ವರ್ಷದ ಸೇವೆಗೆ ಒಂದು ವಾರದ ವೇತನ, 12 ತಿಂಗಳ ಆರೋಗ್ಯ ವಿಮೆ. ಲ್ಯಾಪ್‌ಟಾಪ್ ಅವರಲ್ಲೇ ಉಳಿಯುತ್ತದೆ. ಬೇರೆ ಕೆಲಸ ಹುಡುಕಲು ಕಂಪನಿಯೇ ನೆರವಾಗುತ್ತದೆ ಎಂದೆಲ್ಲ ಅಲ್ಲಿತ್ತು. ಕೆಲಸ ಕಳೆದುಕೊಂಡವರ ತಲೆಯಲ್ಲಿ ಆ ಹೊತ್ತು ಏಳುವ ಪ್ರಶ್ನೆಗಳಿಗೆಲ್ಲ ಅದೇ ಪತ್ರದಲ್ಲಿ ಉತ್ತರವಿತ್ತು. ಸಾಂತ್ವನದ ಮಾತುಗಳಿಗಿಂತ ಈ ವಿವರಗಳೇ ಆ ಪತ್ರಕ್ಕೆ ಘನತೆ ತಂದವು.

ಗ್ರಾಹಕರಿಗೆ ಕೆಟ್ಟ ಸುದ್ದಿ ಹೇಳುವಲ್ಲಿ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲಿ 2015ರ ಮ್ಯಾಗಿ ಪ್ರಕರಣ ಎದ್ದುಕಾಣುತ್ತದೆ. ನೂಡಲ್ಸ್‌ನಲ್ಲಿ ಸೀಸದ ಪ್ರಮಾಣ ಮಿತಿ ಮೀರಿದೆ ಎಂಬ ವರದಿಗಳು ರಾಜ್ಯದಿಂದ ರಾಜ್ಯಕ್ಕೆ ಹಬ್ಬುತ್ತಿದ್ದಾಗ ನೆಸ್ಲೆ ಆರಂಭದಲ್ಲಿ ಜನರೊಂದಿಗೆ ಹೆಚ್ಚು ಮಾತಾಡಲಿಲ್ಲ ಎಂಬ ಟೀಕೆ ಬಂತು. ಕಂಪನಿಯ ಜಾಗತಿಕ ಮುಖ್ಯಸ್ಥರು ದೆಹಲಿಗೆ ಬಂದು ಪತ್ರಿಕಾಗೋಷ್ಠಿ ನಡೆಸಿದ್ದು ಜೂನ್ 5ರಂದು; ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧ ಹೇರಿದ್ದೂ ಅದೇ ದಿನ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗಳಿಗೆ ಮರಳಿತು. ಆ ತಿಂಗಳುಗಳುದ್ದಕ್ಕೂ ಮಕ್ಕಳ ತಾಯಂದಿರು ಕೇಳುತ್ತಿದ್ದ ಪ್ರಶ್ನೆ ಒಂದೇ: ಮನೆಯಲ್ಲಿರುವ ಪೊಟ್ಟಣ ತಿನ್ನಬಹುದೇ, ಬಾರದೇ? ಇಂಥ ಸಮಯದಲ್ಲಿ ಕಂಪನಿಯ ವಕೀಲರು ಎಚ್ಚರಿಕೆ ಹೇಳುವುದು ಸಹಜ. ಆದರೂ ಏನು ಗೊತ್ತಿದೆ, ಏನು ಗೊತ್ತಿಲ್ಲ, ಯಾವ ಪರೀಕ್ಷೆ ನಡೆಯುತ್ತಿದೆ ಎಂದು ಮೊದಲ ದಿನವೇ ಹೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಬರಹ, ದನಿ, ವಾಟ್ಸ್ಆ್ಯಪ್

ಕನ್ನಡದ ಹಳೆಯ ಪತ್ರಗಳಿಗೆ ಒಂದು ಕಟ್ಟು ಇತ್ತು. ಮೇಲೆ ಶ್ರೀಕಾರ, ಊರು ಮತ್ತು ದಿನಾಂಕ, ಉಭಯ ಕುಶಲೋಪರಿ, ಬಳಿಕ ವಿಷಯ, ಕೊನೆಗೆ ಇಂತಿ ತಮ್ಮ ವಿಶ್ವಾಸಿ. ಓದುವವರ ಸ್ಥಾನಮಾನ, ಬರೆಯುವವರ ವಿನಯ ಎರಡನ್ನೂ ಆ ಚೌಕಟ್ಟೇ ಹೊತ್ತುಕೊಳ್ಳುತ್ತಿತ್ತು. ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಿದ್ದ ಟೆಲಿಗ್ರಾಂ ಅದನ್ನೆಲ್ಲ ಕತ್ತರಿಸಿ ಮಾತನ್ನು ಮೊಟಕುಗೊಳಿಸಿತು; 2013ರ ಜುಲೈನಲ್ಲಿ ಭಾರತದಲ್ಲಿ ಆ ಸೇವೆಯೇ ನಿಂತಿತು. ರೇ ಟಾಮ್ಲಿನ್ಸನ್ 1971ರಲ್ಲಿ ಮೊದಲ ಇಮೇಲ್ ಕಳಿಸಿದ ನಂತರದ ದಶಕಗಳಲ್ಲಿ ಪತ್ರದ ಉದ್ದ ಮತ್ತು ಟೆಲಿಗ್ರಾಂನ ವೇಗ ಒಂದೇ ಕಡೆ ಸೇರಿದವು. 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್, ಅಂಗಡಿ, ಗ್ಯಾರೇಜು, ಟೈಲರಿಂಗ್ ಶಾಪುಗಳನ್ನೂ ಬರಹದ ವ್ಯವಹಾರಕ್ಕೆ ಎಳೆದು ತಂದಿತು.

ಬರಹದಲ್ಲಿ ದನಿ ಕಳೆದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಎಷ್ಟು ಕಳೆದುಹೋಗುತ್ತದೆ ಎಂಬುದನ್ನು ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲೆ ಮತ್ತು ಸಂಗಡಿಗರು 2005ರಲ್ಲಿ ಅಳೆದರು. ವ್ಯಂಗ್ಯದ ಮತ್ತು ಗಂಭೀರವಾದ ವಾಕ್ಯಗಳನ್ನು ಕೆಲವರು ಇಮೇಲ್‌ನಲ್ಲಿ, ಕೆಲವರು ದನಿಯಲ್ಲಿ ಕಳಿಸಿದರು. ಶೇ. 78ರಷ್ಟು ಸಲ ಎದುರಿನವರು ಸರಿಯಾಗಿ ಗ್ರಹಿಸುತ್ತಾರೆ ಎಂದು ಕಳಿಸಿದವರು ನಂಬಿದ್ದರು. ದನಿಯಲ್ಲಿ ಅದು ಬಹುಮಟ್ಟಿಗೆ ನಿಜವಾಯಿತು. ಇಮೇಲ್‌ನಲ್ಲಿ ಸರಿಯಾಗಿ ಗ್ರಹಿಸಿದ್ದು ಶೇ. 56 ಮಾತ್ರ, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ಮೇಲು. ಬರೆಯುವಾಗ ನಮ್ಮ ಕಿವಿಗೆ ನಮ್ಮ ದನಿ ಕೇಳಿಸುತ್ತಿರುತ್ತದೆ, ಓದುವವರಿಗೆ ಕೇಳಿಸುವುದಿಲ್ಲ. ಆದ್ದರಿಂದ ಆಕ್ಷೇಪಣೆ, ಸಂಬಳದ ಮಾತು, ತಪ್ಪು ಎತ್ತಿ ತೋರಿಸುವುದು ಇಂಥವನ್ನು ಫೋನಿನಲ್ಲೋ ಎದುರಾಗಿಯೋ ಹೇಳಿ, ತೀರ್ಮಾನವನ್ನು ಮಾತ್ರ ಬರಹದಲ್ಲಿ ದಾಖಲಿಸುವುದು ಮೇಲು.

ಈ ಕ್ಷೇತ್ರದಲ್ಲಿ ಚಾಲ್ತಿಯಲ್ಲಿರುವ ಒಂದು ತಪ್ಪು ಅಂಕಿಯನ್ನೂ ಇಲ್ಲಿ ತಿದ್ದಬೇಕು. ಸಂವಹನದಲ್ಲಿ ಶಬ್ದದ ಪಾಲು ಶೇ. 7, ದನಿಯ ಪಾಲು ಶೇ. 38, ಮುಖಭಾವದ ಪಾಲು ಶೇ. 55 ಎಂದು ತರಬೇತಿ ಶಿಬಿರಗಳಲ್ಲಿ ಸ್ಲೈಡ್ ಹಾಕಿ ತೋರಿಸುತ್ತಾರೆ. ಮೂಲದಲ್ಲಿ ಇದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ನಡೆಸಿದ ಪ್ರಯೋಗಗಳದ್ದು. ಇಷ್ಟ, ಅನಿಷ್ಟದಂಥ ಭಾವನೆಗಳನ್ನು ಹೇಳುವಾಗ ಶಬ್ದಕ್ಕೂ ಮುಖಕ್ಕೂ ತಾಳೆಯಾಗದಿದ್ದರೆ ಜನ ಯಾವುದನ್ನು ನಂಬುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಸಾಲದ ಬಡ್ಡಿ ದರವನ್ನು, ಮಾಲು ತಲುಪಿಸುವ ದಿನಾಂಕವನ್ನು ಮುಖಭಾವದಲ್ಲಿ ತಿಳಿಸಲಾಗದು. ಶಬ್ದ ಮುಖ್ಯವಲ್ಲ ಎಂದು ಕಲಿತು ಹೊರಬಂದ ಯುವಕರು ಶಬ್ದದ ಬಗ್ಗೆ ಅಸಡ್ಡೆ ಬೆಳೆಸಿಕೊಂಡರೆ ಅದು ಶಿಬಿರದ ತಪ್ಪು.

ಹೊತ್ತು ನೋಡಿ ಮಾತಾಡುವುದೂ ಸೌಜನ್ಯವೇ. ರಾತ್ರಿ ಹನ್ನೊಂದಕ್ಕೆ ಆಫೀಸ್ ಗ್ರೂಪಿನಲ್ಲಿ ಬೀಳುವ ಸಂದೇಶಕ್ಕೆ ಎರಡು ನೀಲಿ ಗೆರೆ ಮೂಡಿದ ಕೂಡಲೇ ಉತ್ತರದ ಒತ್ತಡ ಶುರುವಾಗುತ್ತದೆ. ಕೆಲಸದ ಹೊತ್ತಿನಾಚೆ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಲ್ಲಿ ಕಾನೂನಾಗಿ ಜಾರಿಗೆ ತಂದವು. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಈ ಬಗ್ಗೆ ಖಾಸಗಿ ಮಸೂದೆ ಮಂಡಿಸಿದ್ದರು. ಕಾನೂನಿಗೆ ಕಾಯದೆ ಕಂಪನಿಗಳು ತಾವೇ ಒಂದು ಗೆರೆ ಎಳೆದುಕೊಳ್ಳಬಹುದು: ತುರ್ತಿದ್ದರೆ ಕರೆ, ಇಲ್ಲದಿದ್ದರೆ ಬೆಳಿಗ್ಗೆ.

ಸಾಲ ಕೊಟ್ಟವರು, ಸಾಲ ಪಡೆದವರು

ಎದುರಿನವರು ದುರ್ಬಲರಾಗಿದ್ದಾಗ ಸೌಜನ್ಯವನ್ನು ಅವರವರ ಒಳ್ಳೆಯತನಕ್ಕೆ ಬಿಡಲಾಗದು. ಅಲ್ಲಿ ನಿಯಮ ಬೇಕಾಗುತ್ತದೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸಾಲ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ವಸೂಲಿ ಕರೆ ಮಾಡಕೂಡದು, ಬೆದರಿಸಕೂಡದು, ನಾಲ್ಕು ಜನರೆದುರು ಅವಮಾನ ಮಾಡಕೂಡದು ಎಂದು ಸುತ್ತೋಲೆ ಹೊರಡಿಸಿತು. ಅದಾದ ಮೇಲೂ ಕರ್ನಾಟಕದ ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗೆ ಮನೆ ಮುಂದೆ ಕೂರುವುದು, ಬೈಯುವುದು ನಿಲ್ಲಲಿಲ್ಲ. ಮನೆ ಬಿಟ್ಟು ಹೋದವರ, ಜೀವ ಕಳೆದುಕೊಂಡವರ ಸುದ್ದಿಗಳು ಒಂದರ ಮೇಲೊಂದು ಬಂದವು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಗರಿಷ್ಠ 10 ವರ್ಷ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ವ್ಯವಹಾರದ ಮಾತು ಕೆಟ್ಟು ಕೆಟ್ಟು ಕೊನೆಗೆ ಅಪರಾಧದ ವ್ಯಾಖ್ಯೆಯೊಳಗೆ ಬಂದ ಸಂದರ್ಭ ಅದು.

ಇದರ ಇನ್ನೊಂದು ಮುಖ ಸಾಲ ಕೊಡುವ ಹೊತ್ತಿನದು. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ ಮತ್ತು ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಡುವುದು ಕಡ್ಡಾಯವಾಗಿದೆ. ಬಡ್ಡಿ, ಶುಲ್ಕ ಎಲ್ಲ ಸೇರಿದರೆ ವಾರ್ಷಿಕ ದರ ಎಷ್ಟಾಗುತ್ತದೆ ಎಂಬುದು ಅದರಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ಹಾಕುವಂತಿಲ್ಲ. ಆ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಬೇಕು, ಅರ್ಥವಾಯಿತು ಎಂದು ಅವರಿಂದ ಬರೆಸಿಕೊಳ್ಳಬೇಕು. ಇಡೀ ನಿಯಮದಲ್ಲಿ ವಿವರಿಸಬೇಕು ಎಂಬ ಭಾಗವೇ ಹೆಚ್ಚು ತೂಕದ್ದು, ಜಾರಿಯಲ್ಲಿ ಹೆಚ್ಚು ಕಷ್ಟದ್ದೂ ಅದೇ. ಕೌಂಟರಿನ ಮುಂದೆ ಹತ್ತು ಜನ ನಿಂತಿರುವಾಗ 'ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ' ಎಂದು ಪೆನ್ನಿನಿಂದ ತೋರಿಸುವುದು ಸುಲಭ. ಹತ್ತು ನಿಮಿಷ ಕೂರಿಸಿ, ಕಂತು ತಪ್ಪಿದರೆ ಎಷ್ಟು ಬೀಳುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಲು ಶಾಖೆಗೆ ಜನ ಬೇಕು, ಭಾಷೆ ಬೇಕು.

ಭಾಷೆಯ ಕೊರತೆ ಎಷ್ಟು ಬೇಗ ಅವಮಾನವಾಗಿ ತಿರುಗುತ್ತದೆ ಎಂಬುದನ್ನು 2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಎಸ್‌ಬಿಐ ಶಾಖೆಯೊಂದರ ವಿಡಿಯೊ ತೋರಿಸಿತು. ಕನ್ನಡದಲ್ಲಿ ಮಾತಾಡುವುದಿಲ್ಲ ಎಂದು ಶಾಖಾ ವ್ಯವಸ್ಥಾಪಕಿ ಗ್ರಾಹಕರಿಗೆ ಹೇಳಿದ್ದು ರಾಜ್ಯದಾದ್ಯಂತ ಆಕ್ರೋಶ ಹುಟ್ಟಿಸಿತು. ಅವರ ವರ್ಗಾವಣೆಯಾಯಿತು, ಕ್ಷಮಾಪಣೆಯೂ ಬಂತು. ಬ್ಯಾಂಕ್ ಸಿಬ್ಬಂದಿಗೆ ಸ್ಥಳೀಯ ಭಾಷೆ ಮತ್ತು ಸಂಸ್ಕೃತಿಯ ಬಗ್ಗೆ ತರಬೇತಿ ಕಡ್ಡಾಯ ಮಾಡಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರವನ್ನು ಕೇಳಿದರು. ಕೌಂಟರಿನ ಫಲಕಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಹೇಳಿದೆ. 2021ರಲ್ಲಿ ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಹಣಕಾಸು ಸಚಿವಾಲಯ ಒಪ್ಪಿತು. ಒಬ್ಬ ಅಧಿಕಾರಿಯ ವರ್ಗಾವಣೆಯಿಂದ ಮುಗಿಯುವ ವಿಷಯ ಇದಲ್ಲ. ಹೊರರಾಜ್ಯದಿಂದ ಬಂದವರಿಗೆ ಮೊದಲ ವಾರದಲ್ಲೇ 'ಬನ್ನಿ ಕೂತ್ಕೊಳ್ಳಿ', 'ಪಾಸ್‌ಬುಕ್ ಕೊಡಿ', 'ನಾಳೆ ಬರ್ತೀರಾ?' ಎಂಬಂಥ ನೂರು ವಾಕ್ಯ ಕಲಿಸುವ ವ್ಯವಸ್ಥೆ ಶಾಖೆಯಲ್ಲಿದ್ದರೆ ಅವರಿಗೂ ಮುಜುಗರ ತಪ್ಪುತ್ತದೆ, ಪಿಂಚಣಿಗೆ ಬಂದ ಅಜ್ಜಿಗೂ ಕೆಲಸವಾಗುತ್ತದೆ.

ಬಾಕಿ ಕೇಳುವುದು

ಸಣ್ಣ ಉದ್ದಿಮೆದಾರರಿಗೆ ಅತ್ಯಂತ ಕಷ್ಟದ ಮಾತೆಂದರೆ ದೊಡ್ಡ ಗಿರಾಕಿಯ ಹತ್ತಿರ ಬಾಕಿ ಕೇಳುವುದು. ಪೀಣ್ಯದ ಯಾವುದೇ ವರ್ಕ್‌ಶಾಪಿನ ಮಾಲೀಕರಿಗೆ ಇದರ ಅನುಭವವಿದೆ. ಗಟ್ಟಿಯಾಗಿ ಕೇಳಿದರೆ ಮುಂದಿನ ಆರ್ಡರ್ ತಪ್ಪೀತು, ಕೇಳದಿದ್ದರೆ ಶನಿವಾರದ ಬಟವಾಡೆಗೆ ದುಡ್ಡಿಲ್ಲ. ಹಾಗಾಗಿ 'ಸಾರ್, ನಮ್ಮ ಪೇಮೆಂಟ್ ಸ್ವಲ್ಪ ನೋಡಿ' ಎಂಬ ಸಂದೇಶ ವಾರಕ್ಕೊಮ್ಮೆ ಹೋಗುತ್ತದೆ. ಅದರಲ್ಲಿ ವಿನಯವಿದೆ, ಯಾವ ಬಿಲ್ಲು, ಎಷ್ಟು ಮೊತ್ತ, ಯಾವಾಗ ಬೇಕು ಎಂಬುದಿಲ್ಲ. ಅಕೌಂಟ್ಸ್ ವಿಭಾಗದಲ್ಲಿ ಅದನ್ನು ಓದಿದವರಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಅದೇ ಮಾತನ್ನು ಹೀಗೆ ಬರೆಯಬಹುದು: 'ನಮಸ್ಕಾರ ಸಾರ್. ಜೂನ್ 3ರ ಬಿಲ್ ನಂಬರ್ 118, ಮೊತ್ತ 2,36,000 ರೂ. ಮಾಲು ಜೂನ್ 4ರಂದು ನಿಮ್ಮ ಸ್ಟೋರ್ಸ್‌ಗೆ ಮುಟ್ಟಿದೆ, ಸಹಿಯಾದ ಚಲನ್ ಇದರ ಜೊತೆಗಿದೆ. ಜುಲೈ 19ಕ್ಕೆ 45 ದಿನ ತುಂಬುತ್ತದೆ. ಯಾವ ದಿನ ಪಾವತಿಯಾಗುತ್ತದೆ ಎಂದು ತಿಳಿಸಿದರೆ ನಮಗೆ ಸಂಬಳದ ಲೆಕ್ಕ ಹಾಕಿಕೊಳ್ಳಲು ಅನುಕೂಲ. ದಾಖಲೆ ಏನಾದರೂ ಕಡಿಮೆಯಿದ್ದರೆ ಹೇಳಿ, ಇವತ್ತೇ ಕಳಿಸುತ್ತೇವೆ.' ಇದರಲ್ಲಿ ಆರೋಪವಿಲ್ಲ, ಅಂಗಲಾಚುವಿಕೆಯೂ ಇಲ್ಲ. 45 ದಿನದ ಉಲ್ಲೇಖಕ್ಕೆ ಕಾನೂನಿನ ಬೆಂಬಲವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಉಳಿಸಿಕೊಳ್ಳುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿ ಲೆಕ್ಕದಲ್ಲಿ ಕೊಡಬೇಕು. ಹಾಗೆ ತಡಮಾಡಿದ ಮೊತ್ತವನ್ನು ನಿಜವಾಗಿ ಪಾವತಿಸುವ ವರ್ಷದವರೆಗೆ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಲು ಖರೀದಿದಾರರಿಗೆ ಆಗದಂತೆ ನಿಯಮವೂ ಬಂದಿದೆ. ಕಾಯ್ದೆಯ ಹೆಸರೆತ್ತಿ ಹೆದರಿಸದೆ, ದಿನಾಂಕವನ್ನಷ್ಟೇ ನೆನಪಿಸಿದರೆ ಅರ್ಥವಾಗಬೇಕಾದವರಿಗೆ ಅರ್ಥವಾಗುತ್ತದೆ.

ಸರಳ ಬರಹ, ಯಂತ್ರದ ಬರಹ

ಸರಳವಾಗಿ ಬರೆದರೆ ಗಾಂಭೀರ್ಯ ಹೋಗುತ್ತದೆ ಎಂಬ ಭಯ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಜಗತ್ತು ಬೇರೆ ದಿಕ್ಕಿಗೆ ಹೊರಳಿ ಬಹಳ ಕಾಲವಾಯಿತು. ಅಮೆರಿಕದ ಷೇರುಪೇಟೆ ನಿಯಂತ್ರಕರು 1998ರಲ್ಲಿ ಸರಳ ಬರಹದ ಕೈಪಿಡಿ ಪ್ರಕಟಿಸಿದಾಗ ಅದಕ್ಕೆ ಮುನ್ನುಡಿ ಬರೆದವರು ವಾರನ್ ಬಫೆಟ್. ಕಂಪನಿಯ ವಾರ್ಷಿಕ ವರದಿ ಬರೆಯುವಾಗ ತಮ್ಮ ಸಹೋದರಿಯರನ್ನು ಕಣ್ಣಮುಂದೆ ಇಟ್ಟುಕೊಳ್ಳುವುದಾಗಿ ಅವರು ಅಲ್ಲಿ ಹೇಳಿದ್ದಾರೆ. ಅವರು ಬುದ್ಧಿವಂತರು, ಆದರೆ ಲೆಕ್ಕಪತ್ರದ ಪರಿಭಾಷೆ ತಿಳಿದವರಲ್ಲ. ಸರ್ಕಾರಿ ಬರಹ ಸರಳವಾಗಿರಬೇಕೆಂದು ಅಮೆರಿಕ 2010ರಲ್ಲಿ ಕಾಯ್ದೆಯನ್ನೇ ಮಾಡಿತು. 2023ರಲ್ಲಿ ಸರಳ ಭಾಷೆಗೆ ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಓದುಗರಿಗೆ ಬೇಕಾದದ್ದು ಅದರಲ್ಲಿರಬೇಕು, ಸುಲಭವಾಗಿ ಸಿಗಬೇಕು, ಅರ್ಥವಾಗಬೇಕು, ಬಳಕೆಗೆ ಬರಬೇಕು ಎಂಬ ನಾಲ್ಕು ತತ್ವಗಳು ಅದರ ತಿರುಳು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸರಳವಾದ, ವಿನಯವಾದ ಪತ್ರ ಬರೆಸುವುದು ಒಂದು ಕ್ಲಿಕ್ಕಿನ ಕೆಲಸವಾಗಿದೆ. ಇಂಗ್ಲಿಷ್ ಬರೆಯಲು ಅಳುಕುತ್ತಿದ್ದ ಸಾವಿರಾರು ಮಂದಿಗೆ ಇದರಿಂದ ಧೈರ್ಯ ಬಂದಿರುವುದು ಸಂತೋಷದ ವಿಷಯ. ಮಿತಿಯೂ ಬೇಗನೇ ಕಂಡಿತು. 2023ರ ಫೆಬ್ರುವರಿಯಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿಯಾದಾಗ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಇಮೇಲ್ ಕಳಿಸಿತು. ಅದರ ಕೊನೆಯಲ್ಲಿ ಈ ಪಠ್ಯ ಚಾಟ್‌ಜಿಪಿಟಿಯಿಂದ ಬಂದದ್ದು ಎಂಬ ಸಣ್ಣ ಟಿಪ್ಪಣಿ ಇತ್ತು. ವಿದ್ಯಾರ್ಥಿಗಳು ನೊಂದುಕೊಂಡರು, ಕಾಲೇಜು ಕ್ಷಮೆ ಕೇಳಿತು. ಕಷ್ಟದ ಹೊತ್ತಿನಲ್ಲಿ ತಮಗಾಗಿ ಯಾರೋ ಹತ್ತು ನಿಮಿಷ ಕೂತು ಬರೆದಿದ್ದಾರೆ ಎಂಬ ಭರವಸೆ ಮುರಿದದ್ದೇ ನೋವಿಗೆ ಕಾರಣ.

ಕನ್ನಡದ ವ್ಯವಹಾರ ಬರಹ

ಕರ್ನಾಟಕದಲ್ಲಿ ಈ ಚರ್ಚೆಗೆ ಒಂದು ಕೆಲಸ ಬಾಕಿ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ವರ್ಷಗಳಲ್ಲಿ, 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದವು. ದುಡ್ಡು, ಭಾಷೆ, ವ್ಯಾಪಾರ ಮೂರಕ್ಕೂ ಒಂದೇ ಕಾಲದಲ್ಲಿ ಸಂಸ್ಥೆಗಳು ಬಂದರೂ ಅವು ಒಟ್ಟಿಗೆ ಕೂತು ವ್ಯಾಪಾರದ ಕನ್ನಡವನ್ನು ಕಟ್ಟುವ ಕೆಲಸ ಸಾಲದಾಯಿತು. ಕಾಲೇಜಿನ ವಾಣಿಜ್ಯ ವಿದ್ಯಾರ್ಥಿಗಳು ಕಲಿಯುವ ವ್ಯವಹಾರ ಪತ್ರ ಬಹುತೇಕ ಇಂಗ್ಲಿಷಿನದು. ಕನ್ನಡದಲ್ಲಿ ಬರೆಯಬೇಕಾಗಿ ಬಂದಾಗ ಅವರ ಕೈಗೆ ಸಿಗುವುದು ಸರ್ಕಾರಿ ಕಡತದ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಧಾಟಿ, ಇಲ್ಲವೇ ಇಂಗ್ಲಿಷಿನಿಂದ ತಿರುಗಿಸಿದ, ಯಾರ ಬಾಯಲ್ಲೂ ಬಾರದ ವಾಕ್ಯ. ಬ್ಯಾಂಕಿನ ಎಸ್‌ಎಂಎಸ್, ವಿಮೆಯ ಷರತ್ತು, ಆ್ಯಪ್‌ಗಳ ಕನ್ನಡ ಆವೃತ್ತಿಗಳಲ್ಲಿ ಈ ಎರಡನೆಯ ಬಗೆ ಧಾರಾಳವಾಗಿದೆ. ಅದನ್ನು ಓದಿ ಅರ್ಥವಾಗದೆ ಕನ್ನಡಿಗರೇ ಇಂಗ್ಲಿಷ್ ಆಯ್ಕೆ ಒತ್ತುತ್ತಾರೆ. ಆಮೇಲೆ ಕನ್ನಡಕ್ಕೆ ಬೇಡಿಕೆಯಿಲ್ಲ ಎಂಬ ವರದಿ ಸಿದ್ಧವಾಗುತ್ತದೆ.

ಬಾಕಿ ಕೇಳುವ ಪತ್ರ, ಸಾಲದ ಮುಖ್ಯಾಂಶ, ಆರ್ಡರ್ ಖಚಿತಪಡಿಸುವ ಸಂದೇಶ, ದೂರಿಗೆ ಉತ್ತರ, ಕೆಲಸದಿಂದ ತೆಗೆಯುವ ನೋಟಿಸ್, ತಪ್ಪಾದಾಗ ಕ್ಷಮಾಪಣೆ ಇಂಥ ನಲವತ್ತು ಐವತ್ತು ಮಾದರಿಗಳನ್ನು ಜನ ಆಡುವ ಕನ್ನಡದಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಡುವುದು ಅಸಾಧ್ಯದ ಕೆಲಸವಲ್ಲ. ರಾಜ್ಯದ ವಾಣಿಜ್ಯ ಮಹಾಸಂಸ್ಥೆ ಮತ್ತು ಸಣ್ಣ ಕೈಗಾರಿಕೆಗಳ ಸಂಘ ವಿಷಯ ಒದಗಿಸಬಹುದು, ಸಾಹಿತ್ಯ ಪರಿಷತ್ತು ಭಾಷೆ ತಿದ್ದಬಹುದು. ಬ್ಯಾಂಕರು, ವಕೀಲರು, ಪೀಣ್ಯದ ಮಾಲೀಕರು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು ಕೂತು ಓದಿ, ಇದು ನಮಗೆ ಅರ್ಥವಾಗುತ್ತದೆ, ಇದು ಆಗುವುದಿಲ್ಲ ಎಂದು ಗುರುತು ಹಾಕಬೇಕು. ಸಾಲದ ಮುಖ್ಯಾಂಶ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂಬ ನಿಯಮ ಈಗಾಗಲೇ ಜಾರಿಯಲ್ಲಿರುವುದರಿಂದ, ಕೆಲಸವನ್ನು ಅಲ್ಲಿಂದಲೇ ಶುರುಮಾಡಬಹುದು.